ಏಜೆನ್ಸಿ ಮೂಲಕ ನೌಕರಿ: ಪಗಾರದ ಮಾತಿಗೆ ಮೊದಲು ಪಟ್ಟಿ ಕೇಳಿ



ನಮ್ಮ ವಿದ್ಯಾರ್ಥಿವೇತನದ ನೆರವಿನಿಂದ ಓದಿದ ಮಕ್ಕಳು ಐಟಿಐ, ಡಿಪ್ಲೊಮಾ, ನರ್ಸಿಂಗ್, ಬಿ.ಕಾಂ., ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದಾಗ ಟ್ರಸ್ಟಿನ ಕಚೇರಿಗೆ ಬಂದು ಸುದ್ದಿ ತಿಳಿಸಿ ಹೋಗುತ್ತಾರೆ. ಈಚಿನ ವರ್ಷಗಳಲ್ಲಿ ಆ ಸುದ್ದಿಯ ಜೊತೆಗೆ ಒಂದು ಮಾತು ತಪ್ಪದೆ ಸೇರಿಕೊಂಡಿರುತ್ತದೆ: “ಕೆಲಸ ಸಿಕ್ಕೈತ್ರೀ, ಆದ್ರ ಕಂಪನಿ ಕಡೆಯಿಂದ ಅಲ್ಲ, ಏಜೆನ್ಸಿ ಕಡೆಯಿಂದ.” ಗಿಣಿಗೇರಿ, ಹಿರೇಬಗನಾಳ ಸುತ್ತಲಿನ ಕಬ್ಬಿಣ-ಉಕ್ಕಿನ ಕಾರ್ಖಾನೆಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಆಗಿ ಸೇರುವವರು, ಸರ್ಕಾರಿ ಆಸ್ಪತ್ರೆ ಮತ್ತು ವಿದ್ಯಾರ್ಥಿ ನಿಲಯಗಳಲ್ಲಿ ಹೊರಗುತ್ತಿಗೆಯ ಮೇಲೆ ದುಡಿಯುವವರು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಒಳಗೆ ಕುಳಿತರೂ ಬೇರೆ ಹೆಸರಿನ ಗುರುತಿನ ಚೀಟಿ ಹಾಕಿಕೊಳ್ಳುವವರು, ಎಲ್ಲರದೂ ಇದೇ ಸ್ಥಿತಿ. ಕೆಲಸ ಒಬ್ಬರಲ್ಲಿ, ಪಗಾರ ಇನ್ನೊಬ್ಬರಿಂದ.

ನಮ್ಮ ಭಾಗಕ್ಕೆ ಇದು ಹೊಸದಲ್ಲ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವವರನ್ನು ಮೇಸ್ತ್ರಿ ಕರೆದುಕೊಂಡು ಹೋಗುತ್ತಿದ್ದ. ಅಡ್ವಾನ್ಸ್ ಕೊಡುವವನೂ ಅವನೇ, ಕೂಲಿ ಮುರಿದುಕೊಳ್ಳುವವನೂ ಅವನೇ. ಈಗ ಮೇಸ್ತ್ರಿಯ ಜಾಗಕ್ಕೆ ಲೆಟರ್‌ಹೆಡ್ಡು, ಜಿಎಸ್‌ಟಿ ಸಂಖ್ಯೆ ಇರುವ ಸಂಸ್ಥೆ ಬಂದಿದೆ. ಡಿಗ್ರಿ ಇರುವ ಮಗನೂ ಅಕ್ಷರ ಬಾರದ ಅಜ್ಜನಂತೆಯೇ “ನೀವು ಎಷ್ಟು ಕೊಡ್ತೀರಿ ಕೊಡ್ರಿ” ಎಂದು ಸಹಿ ಹಾಕಿ ಬರುತ್ತಾನೆ. ಇದನ್ನು ಬರೆಯಲು ಕಾರಣ ಅದೇ.

ಎರಡು ದರ, ತಿಳಿಸುವುದು ಒಂದೇ

ಏಜೆನ್ಸಿ ಮೂಲಕ ಸಿಗುವ ಪ್ರತಿಯೊಂದು ಕೆಲಸಕ್ಕೂ ಎರಡು ದರಗಳಿರುತ್ತವೆ. ಆ ಹುದ್ದೆಗೆಂದು ಕಂಪನಿ ಏಜೆನ್ಸಿಗೆ ಕೊಡುವ ದರ ಒಂದು. ಏಜೆನ್ಸಿ ಕೆಲಸಗಾರನಿಗೆ ಕೊಡುವ ಪಗಾರ ಇನ್ನೊಂದು. ಸಂದರ್ಶನದಲ್ಲಿ ನಮ್ಮ ಮಕ್ಕಳಿಗೆ ತಿಳಿಸುವುದು ಎರಡನೆಯದನ್ನು ಮಾತ್ರ. ಮೊದಲನೆಯದು ಗೊತ್ತಿಲ್ಲದೆ ಹೆಚ್ಚು ಕೊಡಿ ಎಂದು ಕೇಳುವುದು, ಮಾರುಕಟ್ಟೆಯಲ್ಲಿ ಅಂದಿನ ಧಾರಣೆ ಕೇಳದೆ ಭತ್ತ ಮಾರಿದ ಹಾಗೆ.

ಗಂಗಾವತಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡತಿ ಅಂಗಡಿಗೆ ಮಾಲು ಹಾಕಿದರೆ ಸಂಜೆ ಪಟ್ಟಿ ಕೈಗೆ ಬರುತ್ತದೆ. ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು, ಎಲ್ಲವೂ ಒಂದೊಂದು ಸಾಲಿನಲ್ಲಿ. ಕಡಿತ ಜಾಸ್ತಿ ಎನಿಸಿದರೆ ಆ ಸಾಲಿನ ಮೇಲೆ ಬೆರಳಿಟ್ಟು “ಇದೇನ್ರೀ?” ಎಂದು ಕೇಳಬಹುದು. ಎಪಿಎಂಸಿ ಕಾಯ್ದೆಯ ಪ್ರಕಾರ ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕು, ರೈತನಿಂದ ಮುರಿದುಕೊಳ್ಳುವಂತಿಲ್ಲ ಎಂಬುದೂ ರೈತರಿಗೆ ಗೊತ್ತು. ಕಾರ್ಮಿಕರ ವಿಷಯದಲ್ಲೂ ಕಾನೂನು ಹಾಗೆಯೇ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಗುತ್ತೇದಾರನು ಗುತ್ತಿಗೆ ಕಾರ್ಮಿಕನಿಂದ ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಶುಲ್ಕ ಅಥವಾ ಕಮಿಷನ್ ಪಡೆಯುವಂತಿಲ್ಲ. ಏಜೆನ್ಸಿಯ ಆದಾಯ ಕಂಪನಿಯಿಂದ ಬರಬೇಕು. ಆದ್ದರಿಂದ ಸೇರುವಾಗ “ಜಾಯಿನಿಂಗ್ ಫೀ”, “ಡಿಪಾಸಿಟ್”, “ಮೊದಲ ತಿಂಗಳ ಪಗಾರ ನಮಗೆ” ಎನ್ನುವವರ ಜೊತೆ ಚೌಕಾಸಿ ಮಾಡುವುದೇ ಬೇಡ, ಎದ್ದು ಬನ್ನಿ.

ಒಂದು ಪಟ್ಟಿ ಬರೆದು ನೋಡೋಣ

ಕಾರ್ಖಾನೆಯೊಂದು ಡಿಪ್ಲೊಮಾ ಓದಿದ ಟೆಕ್ನಿಷಿಯನ್ ಬೇಕೆಂದು ಏಜೆನ್ಸಿಗೆ ತಿಂಗಳಿಗೆ 28,000 ರೂ. ದರ ಒಪ್ಪಿದೆ ಎಂದುಕೊಳ್ಳಿ. ಹುಡುಗನಿಗೆ ಏಜೆನ್ಸಿ ಹೇಳಿದ ಪಗಾರ 20,000 ರೂ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ಆದರೆ ಕಡಿತದ ದರಗಳು ನಿಜವಾದವು.

28,000ದ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 5,040 ರೂ. ಕಂಪನಿ ಒಟ್ಟು ಬರೆಯುವ ಚೆಕ್ಕು 33,040 ರೂ. ಇತ್ತ ಹುಡುಗನ 20,000ದಿಂದ ಪಿಎಫ್ ಶೇ. 12 ಕಡಿತವಾಗುತ್ತದೆ. ಪಿಎಫ್‌ಗೆ 15,000 ರೂ.ಗಳ ಮಿತಿ ಇರುವುದರಿಂದ 1,800 ರೂ. ಇಎಸ್‌ಐ ಶೇ. 0.75, ಅಂದರೆ 150 ರೂ. ಬ್ಯಾಂಕ್ ಖಾತೆಗೆ ಬೀಳುವುದು 18,050 ರೂ. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಪಗಾರಕ್ಕೆ ವೃತ್ತಿ ತೆರಿಗೆ ಇಲ್ಲ.

33,040 ಎಲ್ಲಿ, 18,050 ಎಲ್ಲಿ! ನಡುವೆ 14,990 ರೂ. ಕಾಣುತ್ತದೆ. ಇದನ್ನು ನೋಡಿದ ಹುಡುಗರು “ಏಜೆನ್ಸಿಯವರು 15,000 ತಿಂದರು” ಎಂದು ಸಿಟ್ಟಾಗುತ್ತಾರೆ. ಅದು ಸರಿಯಲ್ಲ. 5,040 ಸರ್ಕಾರಕ್ಕೆ ಹೋಯಿತು. ಪಿಎಫ್‌ನಲ್ಲಿ ಹುಡುಗನ 1,800ರ ಜೊತೆಗೆ ಮಾಲೀಕರ ಪಾಲು 1,800, ವಿಮೆ ಮತ್ತು ಆಡಳಿತ ಶುಲ್ಕ 150, ಒಟ್ಟು 3,750. ಇಎಸ್‌ಐನಲ್ಲಿ ಮಾಲೀಕರ ಪಾಲು ಶೇ. 3.25, ಅಂದರೆ 650. ಹುಡುಗನ 150 ಸೇರಿ 800. ಬೋನಸ್ ಮತ್ತು ರಜೆ ಸಂಬಳಕ್ಕೆಂದು ತಿಂಗಳಿಗೆ 2,000 ಎತ್ತಿಡುತ್ತಾರೆ ಎಂದುಕೊಳ್ಳೋಣ. ಉಳಿಯುವುದು 3,400 ರೂ. ಏಜೆನ್ಸಿಯ ಪಾಲು ಇದು.

ಚೌಕಾಸಿಗೆ ಜಾಗ ಇರುವುದು ಈ 3,400ರಲ್ಲಿ. ಉಳಿದದ್ದು ಕಾನೂನಿನಂತೆ ಕಟ್ಟಬೇಕಾದ್ದು, ಅದರಲ್ಲಿ ಯಾರೂ ಯಾರಿಗೂ ರಿಯಾಯಿತಿ ಕೊಡಲಾಗದು. “ಪಿಎಫ್ ಬೇಡ, ಆ ದುಡ್ಡನ್ನೂ ಕೈಗೇ ಕೊಡ್ರಿ” ಎಂದು ನಮ್ಮವರೇ ಕೇಳುವುದುಂಟು. ಹಾಗೆ ಕೇಳಿದರೆ ಏಜೆನ್ಸಿಗೆ ಖುಷಿ, ಮಾಲೀಕರ ಪಾಲೂ ಅವರಿಗೇ ಉಳಿಯಿತಲ್ಲ.

ಹಾಗೆಂದು 3,400 ಪೂರ್ತಿ ಲಾಭವೆಂದೂ ತಿಳಿಯಬಾರದು. ಕಂಪನಿಗಳು ಏಜೆನ್ಸಿಯ ಬಿಲ್ಲನ್ನು ಒಂದೂವರೆ-ಎರಡು ತಿಂಗಳು ತಡಮಾಡಿ ಪಾವತಿಸುವುದು ಸಾಮಾನ್ಯ. ಅಷ್ಟು ದಿನ ಪಗಾರವನ್ನು ಏಜೆನ್ಸಿ ತನ್ನ ಕೈಯಿಂದ ಕೊಡಬೇಕು. ಹುಡುಗರನ್ನು ಹುಡುಕುವುದು, ಕಾಗದ ಪತ್ರ, ಕಚೇರಿ ಖರ್ಚು ಎಲ್ಲ ಇರುತ್ತದೆ. ಪ್ರಾಮಾಣಿಕವಾಗಿ ಮಾಡಿದ ಕೆಲಸಕ್ಕೆ ಪಾಲು ಪಡೆಯುವುದು ತಪ್ಪಲ್ಲ. ಪಾಲು ಎಷ್ಟೆಂದು ಮುಚ್ಚಿಡುವುದು, ಹುಡುಗನ ಹಕ್ಕಿನ ದುಡ್ಡಿನಲ್ಲಿ ಕೈ ಹಾಕುವುದು ತಪ್ಪು.

ಕೇಳುವುದು ಹೇಗೆ

ಮೊದಲ ಪ್ರಶ್ನೆಯನ್ನು ಮುಜುಗರವಿಲ್ಲದೆ ಕೇಳಬೇಕು: “ಸರ್, ಈ ಹುದ್ದೆಗೆ ಕಂಪನಿ ನಿಮಗೆ ಕೊಡುವ ದರ ಎಷ್ಟು?” ಹತ್ತರಲ್ಲಿ ಒಂಬತ್ತು ಜನ “ಅದು ಕಾನ್ಫಿಡೆನ್ಶಿಯಲ್” ಎನ್ನುತ್ತಾರೆ. ಎನ್ನಲಿ. ಕೇಳಿದ್ದರಿಂದ ಎದುರಿಗೆ ಕುಳಿತವರಿಗೆ ಈ ಹುಡುಗನಿಗೆ ಲೆಕ್ಕ ಗೊತ್ತು ಎಂಬುದು ತಿಳಿಯುತ್ತದೆ, ಆಮೇಲಿನ ಮಾತಿನ ಧಾಟಿಯೇ ಬೇರೆಯಾಗುತ್ತದೆ. ದರ ಹೇಳದಿದ್ದರೆ ಮೇಲಿನ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿಕೊಳ್ಳಬಹುದು. ಅದೇ ಕಾರ್ಖಾನೆಯಲ್ಲಿ ಬೇರೆ ಏಜೆನ್ಸಿಯಿಂದ ಅದೇ ಕೆಲಸ ಮಾಡುವ ಇಬ್ಬರನ್ನು ವಿಚಾರಿಸಿದರೆ ಅಂದಾಜು ಸಿಗುತ್ತದೆ.

ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ: “ನೀವು ಹೇಳಿದ 20,000ದ ಒಳಗೆ ಮಾಲೀಕರ ಪಾಲಿನ ಪಿಎಫ್, ಇಎಸ್‌ಐ ಇದೆಯೋ, ಅದರ ಹೊರಗೆ ಇದೆಯೋ?” “ಸಿಟಿಸಿ” ಎಂಬ ಮಾತು ಬಂದರೆ ಕಿವಿ ನೆಟ್ಟಗಾಗಬೇಕು. ಸಿಟಿಸಿ ಎಂದರೆ ಒಬ್ಬ ಕೆಲಸಗಾರನಿಗಾಗಿ ಆಗುವ ಒಟ್ಟು ಖರ್ಚು. ಮಾಲೀಕರ ಪಾಲು, ಬೋನಸ್ಸು ಎಲ್ಲವನ್ನೂ ಅದರಲ್ಲಿ ತುಂಬಿರುತ್ತಾರೆ. ಸಿಟಿಸಿ 20,000 ಎಂದರೆ ಕೈಗೆ ಬರುವುದು 18,050ಕ್ಕಿಂತ ಬಹಳ ಕಡಿಮೆ. ಇನ್ನು ಒಪ್ಪಿದ ಪಗಾರದಿಂದ ಮಾಲೀಕರ ಪಾಲಿನ ಪಿಎಫ್ ಅನ್ನು ಕಡಿತ ಮಾಡುವುದಂತೂ ಕಾನೂನಿಗೆ ವಿರುದ್ಧ.

ಮೂರನೆಯದು ಮೂಲವೇತನ. ಒಟ್ಟು 20,000 ಎಂದು ಹೇಳಿ, ಮೂಲವೇತನ 7,000 ಮಾತ್ರ ಬರೆದು, ಉಳಿದದ್ದನ್ನು ಭತ್ಯೆಗಳಲ್ಲಿ ಹರಡಿದರೆ ಪಿಎಫ್, ಬೋನಸ್, ಗ್ರಾಚ್ಯುಟಿ ಎಲ್ಲವೂ ಕುಗ್ಗುತ್ತವೆ. ಹೊಸ ವೇತನ ಸಂಹಿತೆಯ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ನೇಮಕಾತಿ ಪತ್ರವನ್ನು ಲಿಖಿತವಾಗಿ ಕೊಡಬೇಕೆಂಬ ನಿಯಮವೂ ಈಗ ಇದೆ. “ಪತ್ರ ಆಮೇಲೆ ಬರುತ್ತೆ” ಎಂಬ ಮಾತಿಗೆ ಒಪ್ಪಬೇಡಿ.

ಕೊನೆಯದಾಗಿ ಓಟಿ. ಹೆಚ್ಚುವರಿ ದುಡಿಮೆಗೆ ಸಾಮಾನ್ಯ ದರದ ಎರಡು ಪಟ್ಟು ಕೊಡಬೇಕು. ಕಂಪನಿಯಿಂದ ಎರಡು ಪಟ್ಟು ಬಿಲ್ ಮಾಡಿ ಹುಡುಗರಿಗೆ ಒಂದೇ ಪಟ್ಟು ಕೊಟ್ಟರೆ ಏಜೆನ್ಸಿಗೆ ಸಿಗುವ ಲಾಭ ಮೇಲಿನ 3,400ಕ್ಕಿಂತಲೂ ಸಿಹಿ. ಓಟಿ ದರವನ್ನು ಪತ್ರದಲ್ಲಿ ಬರೆಸಿಕೊಳ್ಳಿ, ಪಾಳಿ ಮಾಡಿದ ದಿನ-ಗಂಟೆಗಳನ್ನು ನಿಮ್ಮದೇ ಡೈರಿಯಲ್ಲಿ ಬರೆದಿಡಿ.

ಈಗ ಪಗಾರ ಎಷ್ಟು ಕೇಳಬೇಕು? ನಮ್ಮ ಉದಾಹರಣೆಯಲ್ಲಿ 1,500 ಏರಿಸಿ ಎಂದು ಕೇಳುವ ಆಸೆಯಾಗುತ್ತದೆ. ಸ್ವಲ್ಪ ತಾಳಿ. ಇಎಸ್‌ಐ ಅನ್ವಯವಾಗುವುದು 21,000 ರೂ.ವರೆಗಿನ ವೇತನಕ್ಕೆ. ಪಗಾರ 21,500 ಆದರೆ ಆಗ ನಡೆಯುತ್ತಿರುವ ವಂತಿಗೆಯ ಅವಧಿ ಮುಗಿದ ಮೇಲೆ ಹುಡುಗನೂ ಅವನ ಮನೆಯವರೂ ಇಎಸ್‌ಐ ಚಿಕಿತ್ಸೆಯಿಂದ ಹೊರಗಾಗುತ್ತಾರೆ. ವಯಸ್ಸಾದ ಅವಲಂಬಿತ ತಂದೆ-ತಾಯಿ ಇರುವ ಮನೆಗೆ 500 ರೂ. ಆಸೆಗೆ ಅದನ್ನು ಕಳೆದುಕೊಳ್ಳುವುದು ನಷ್ಟ. ಆದ್ದರಿಂದ ಇಲ್ಲಿ ಕೇಳಬೇಕಾದ್ದು 21,000. ಏಜೆನ್ಸಿಗೆ ಇದರಿಂದ ಬೀಳುವ ಹೆಚ್ಚುವರಿ ಹೊರೆ ಸುಮಾರು 1,033 ರೂ., ಅವರಿಗೆ ಇನ್ನೂ 2,370ರಷ್ಟು ಉಳಿಯುತ್ತದೆ. ಕೊಡಬಲ್ಲರು. ಅದಕ್ಕಿಂತ ಹೆಚ್ಚಿನದನ್ನು ಬಸ್ಸಿನ ವ್ಯವಸ್ಥೆ, ಊಟ, ರಾತ್ರಿ ಪಾಳಿಯ ಅನುಕೂಲ ಈ ರೂಪದಲ್ಲಿ ಕೇಳಬಹುದು. 25,000-30,000 ಮಟ್ಟದ ಪಗಾರದಲ್ಲಿ ಮಾತಾಡುವವರಿಗೆ ಈ ಅಡ್ಡಿ ಇಲ್ಲ.

ಕೇಳುವ ಸಮಯವೂ ಮುಖ್ಯ. ಸಹಿ ಹಾಕುವ ಮುಂಚೆ ಒಂದು ಸಲ. ಆಮೇಲೆ ಕಂಪನಿ ಮತ್ತು ಏಜೆನ್ಸಿ ನಡುವಿನ ಕರಾರು ನವೀಕರಣವಾಗುವ ತಿಂಗಳಿಗೆ ಸ್ವಲ್ಪ ಮೊದಲು. ದರ ಪರಿಷ್ಕರಣೆ ಆಗುವುದು ಆಗಲೇ. ಆ ತಿಂಗಳು ಯಾವುದೆಂದು ಕಂಪನಿಯ ಮೇಲ್ವಿಚಾರಕರನ್ನು ಕೇಳಿದರೆ ಹೇಳುತ್ತಾರೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆಗಿನ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಕನಿಷ್ಠ ವೇತನದ ಲೆಕ್ಕದಲ್ಲಿ ನಡೆಯುವ ಕರಾರುಗಳಲ್ಲಿ ಏಜೆನ್ಸಿಯ ಬಿಲ್ಲು ಏಪ್ರಿಲ್‌ನಲ್ಲಿ ತಾನಾಗಿ ಏರುತ್ತದೆ. ಆ ಏರಿಕೆ ಹುಡುಗರ ಖಾತೆಗೆ ಬಂತೋ ಇಲ್ಲವೋ ಎಂಬುದನ್ನು ಮೇ ತಿಂಗಳ ಮೊದಲ ವಾರದಲ್ಲಿ ನೋಡಿಕೊಳ್ಳಬೇಕು.

ಒಬ್ಬನೇ ಹೋಗಿ ಕೇಳುವುದಕ್ಕಿಂತ ಒಂದೇ ಪಾಳಿಯ ಎಂಟು-ಹತ್ತು ಜನ ಸೇರಿ, ಸೌಜನ್ಯದಿಂದ, ಬರವಣಿಗೆಯಲ್ಲಿ ಕೇಳಿದರೆ ಹೆಚ್ಚು ಫಲ. ಎಲ್ಲರನ್ನೂ ಒಟ್ಟಿಗೆ ಬದಲಿಸಿದರೆ ಕಂಪನಿಯಿಂದ ಏಜೆನ್ಸಿಗೇ ಮಾತು ಬರುತ್ತದೆ.

“ಕೈಗೆ ಎಷ್ಟು?”

ಪಾಲಕರು ಕೇಳುವ ಪ್ರಶ್ನೆ ಒಂದೇ: “ಕೈಗೆ ಎಷ್ಟು ಬರ್ತೈತಿ?” ಇದನ್ನು ಟೀಕಿಸುವುದು ಸುಲಭ. ಆದರೆ ಸಾಲದ ಕಂತು, ತಂಗಿಯ ಕಾಲೇಜು ಫೀ, ಮನೆ ಬಾಡಿಗೆ ಎಲ್ಲವೂ ಕೈಗೆ ಬಂದ ದುಡ್ಡಿನಿಂದಲೇ ಹೋಗಬೇಕು ಎಂಬುದನ್ನು ನಾವು ಬಲ್ಲೆವು. ಕುಷ್ಟಗಿ ತಾಲ್ಲೂಕಿನ ಒಂದು ಕುಟುಂಬ ನಮ್ಮಲ್ಲಿ ಸಲಹೆಗೆ ಬಂದಾಗ ಅವರ ಮುಂದೆ ಎರಡು ಆಯ್ಕೆಗಳಿದ್ದವು. ಒಂದು ಏಜೆನ್ಸಿ, “ಕೈಗೆ 19,000, ಪಿಎಫ್-ಇಎಸ್‌ಐ ರಗಳೆ ಇಲ್ಲ” ಎಂದಿತ್ತು. ಇನ್ನೊಂದು 20,000 ಪಗಾರ, ಎಲ್ಲ ಕಡಿತ ಸೇರಿ ಕೈಗೆ 18,050 ಎಂದಿತ್ತು. ತಾಯಿ ಮೊದಲನೆಯದನ್ನೇ ಹಿಡಿದಿದ್ದರು. ತಿಂಗಳಿಗೆ 950 ರೂ. ಹೆಚ್ಚು ಬರುತ್ತದಲ್ಲ.

ವರ್ಷದ ಲೆಕ್ಕ ಹಾಕಿ ತೋರಿಸಿದೆವು. ಮೊದಲನೆಯದರಲ್ಲಿ 2,28,000. ಎರಡನೆಯದರಲ್ಲಿ ಕೈಗೆ 2,16,600, ಅದರ ಜೊತೆ ಹುಡುಗನ ಹೆಸರಿನಲ್ಲಿ ಪಿಎಫ್ ಮತ್ತು ಪಿಂಚಣಿ ಖಾತೆಗೆ ತಿಂಗಳಿಗೆ 3,600ರಂತೆ 43,200. ಒಟ್ಟು 2,59,800. ಬೋನಸ್ ಬೇರೆ. ತಾಯಿ ಲೆಕ್ಕವನ್ನು ಒಪ್ಪಿದರು, ಆದರೂ ಅರೆಮನಸ್ಸು. ಅವರ ಮನಸ್ಸು ತಿರುಗಿದ್ದು ಇಎಸ್‌ಐ ಮಾತಿನಿಂದ. ಕುಲುಮೆ, ಕ್ರೇನ್, ವಿದ್ಯುತ್ತಿನ ನಡುವೆ ಕೆಲಸ. ಕೆಲಸದಲ್ಲಿ ಪೆಟ್ಟಾದರೆ ಇಎಸ್‌ಐನಲ್ಲಿ ಚಿಕಿತ್ಸೆ ಪೂರ್ತಿ ಉಚಿತ, ದುಡಿಯಲಾಗದ ದಿನಗಳಿಗೆ ವೇತನದ ಶೇ. 90ರಷ್ಟು ಹಣ ಬರುತ್ತದೆ. ಅದಕ್ಕೆ ಇಷ್ಟು ತಿಂಗಳು ದುಡಿದಿರಬೇಕೆಂಬ ಷರತ್ತು ಇಲ್ಲ, ಸೇರಿದ ಮೊದಲ ದಿನದ ಅಪಘಾತಕ್ಕೂ ಅನ್ವಯ. “ರಗಳೆ ಇಲ್ಲ” ಎಂದ ಏಜೆನ್ಸಿಯಲ್ಲಿ ಪೆಟ್ಟಾದರೆ ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಎಂದು ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಹುಡುಗ ಎರಡನೆಯದಕ್ಕೆ ಸೇರಿದ.

ಪಿಎಫ್ ಕಡಿತವಾಗುತ್ತಿದೆ ಎಂದರೆ ಕಟ್ಟುತ್ತಿದ್ದಾರೆ ಎಂದೇ ಅರ್ಥವಲ್ಲ. ಯುಎಎನ್ ಸಂಖ್ಯೆಯನ್ನು ಮೊದಲ ತಿಂಗಳೇ ಪಡೆದು, ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ನೋಡಿ. ಎರಡು ತಿಂಗಳು ಹಣ ಬಿದ್ದಿಲ್ಲವೆಂದರೆ ಆಗಲೇ ಕೇಳಬೇಕು. ಎರಡು ವರ್ಷ ಬಿಟ್ಟು ಕೇಳುವಷ್ಟರಲ್ಲಿ ಏಜೆನ್ಸಿಯ ಬೋರ್ಡೇ ಬದಲಾಗಿರುತ್ತದೆ.

ಪಗಾರವನ್ನೇ ಕೊಡದಿದ್ದರೆ, ಅಥವಾ ಕಡಿಮೆ ಕೊಟ್ಟರೆ? 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿಯೂ ಇದ್ದ, ಈಗಿನ ಸಂಹಿತೆಗಳಲ್ಲಿಯೂ ಉಳಿದಿರುವ ಒಂದು ನಿಯಮವನ್ನು ಎಲ್ಲರೂ ತಿಳಿದಿರಬೇಕು. ಗುತ್ತೇದಾರ ಕೊಡದ ವೇತನವನ್ನು ಮೂಲ ಮಾಲೀಕರು, ಅಂದರೆ ಕೆಲಸ ಮಾಡಿಸಿಕೊಂಡ ಕಂಪನಿ, ಕೊಡಬೇಕು. ಆಮೇಲೆ ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಬಹುದು. “ಅವ ನಮ್ಮ ಮನುಷ್ಯ ಅಲ್ಲ, ಏಜೆನ್ಸಿಯವ” ಎಂದು ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ. ದೂರು ಕೊಡಬೇಕಾದ್ದು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಲ್ಲಿ, ಇಲ್ಲವೇ ಕೊಪ್ಪಳದ ಜಿಲ್ಲಾ ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ.

ಸರ್ಕಾರಿ ಹೊರಗುತ್ತಿಗೆಯಲ್ಲಿ ದರ ಗುಟ್ಟಲ್ಲ

ವಿದ್ಯಾರ್ಥಿ ನಿಲಯದ ಅಡುಗೆಯವರು, ಆಸ್ಪತ್ರೆಯ ಡಿ ಗ್ರೂಪ್ ಸಿಬ್ಬಂದಿ, ಕಚೇರಿಗಳ ಡಾಟಾ ಎಂಟ್ರಿ ಆಪರೇಟರ್‌ಗಳ ಲೆಕ್ಕ ಬೇರೆ. ಇಲ್ಲಿ ದರ ಟೆಂಡರ್‌ನಲ್ಲಿ ನಿಗದಿಯಾಗಿರುತ್ತದೆ, ಆದ್ದರಿಂದ ಹೆಚ್ಚಿಸಿ ಎಂದು ಏಜೆನ್ಸಿಯನ್ನು ಕೇಳಿ ಪ್ರಯೋಜನ ಕಡಿಮೆ. ಆದರೆ ಖಾಸಗಿಯಲ್ಲಿ ಗುಟ್ಟಾಗಿರುವ ಮೊದಲ ದರವನ್ನು ಇಲ್ಲಿ ಯಾರು ಬೇಕಾದರೂ ತಿಳಿಯಬಹುದು. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಹಾಕಿ, ಕಾರ್ಯಾದೇಶದ ಪ್ರತಿ, ಪ್ರತಿ ಹುದ್ದೆಗೆ ಇಲಾಖೆ ಪಾವತಿಸುವ ಮೊತ್ತ, ಏಜೆನ್ಸಿಯ ಸೇವಾ ಶುಲ್ಕ, ಪಿಎಫ್-ಇಎಸ್‌ಐ ಕಟ್ಟಿದ ಚಲನ್ ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವೂ ಇಲ್ಲ. ಕೆಲಸಗಾರನೇ ಅರ್ಜಿ ಹಾಕಲು ಅಂಜಿದರೆ ಮನೆಯ ಬೇರೆಯವರು, ಗೆಳೆಯರು ಹಾಕಬಹುದು. ಕಾರ್ಯಾದೇಶದಲ್ಲಿ ಬರೆದ ಮೊತ್ತಕ್ಕೂ ಬ್ಯಾಂಕ್ ಪಾಸ್‌ಬುಕ್ಕಿಗೂ ತಾಳೆಯಾಗದಿದ್ದರೆ ಆ ಎರಡು ಹಾಳೆಗಳೇ ದೂರಿಗೆ ಸಾಕ್ಷಿ.

ಸೇವಾ ಶುಲ್ಕ ತೀರಾ ಕಡಿಮೆ ನಮೂದಿಸಿ ಟೆಂಡರ್ ಗೆದ್ದ ಏಜೆನ್ಸಿಯ ಬಗ್ಗೆ ಎಚ್ಚರವಿರಲಿ. ಸೊನ್ನೆಗೆ ಹತ್ತಿರದ ಲಾಭದಲ್ಲಿ ಯಾರೂ ಅಂಗಡಿ ನಡೆಸುವುದಿಲ್ಲ. ಮೇಲಿನಿಂದ ಬಿಟ್ಟುಕೊಟ್ಟದ್ದನ್ನು ಕೆಳಗಿನಿಂದ ವಸೂಲು ಮಾಡುವ ಸಂಭವ ಹೆಚ್ಚು.

ನಡುವಿನವರನ್ನೇ ತೆಗೆದು ನೋಡಿದ ಉದಾಹರಣೆಗಳೂ ನಮ್ಮ ರಾಜ್ಯದಲ್ಲಿವೆ. ಪೌರಕಾರ್ಮಿಕರು ವರ್ಷಗಟ್ಟಲೆ ಹೋರಾಡಿದ ಫಲವಾಗಿ ಗುತ್ತೇದಾರನನ್ನು ಬಿಟ್ಟು ನಗರ ಸ್ಥಳೀಯ ಸಂಸ್ಥೆಯಿಂದಲೇ ಖಾತೆಗೆ ವೇತನ ಹಾಕುವ ‘ನೇರ ಪಾವತಿ’ ಪದ್ಧತಿ ಬಂತು. ಬೀದರ್ ಜಿಲ್ಲೆಯಲ್ಲಿ ಖಾಸಗಿ ಏಜೆನ್ಸಿಯ ಬದಲು ಕಾರ್ಮಿಕ ಸೇವೆಗಳ ಸಹಕಾರ ಸಂಘದ ಮೂಲಕ ಹೊರಗುತ್ತಿಗೆ ಸಿಬ್ಬಂದಿಯನ್ನು ಒದಗಿಸುವ ವ್ಯವಸ್ಥೆ ಇದೆ. ಅದನ್ನು ಬೇರೆ ಜಿಲ್ಲೆಗಳಿಗೂ ತರುವ ಮಾತನ್ನು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರು ಆಡಿದ್ದಾರೆ. ಕೊಪ್ಪಳಕ್ಕೂ ಬಂದರೆ ನಮ್ಮ ಎಷ್ಟೋ ಮನೆಗಳಿಗೆ ಅನುಕೂಲ.

ಬೆಂಗಳೂರಿನ ಎರಡು-ಮೂರು ಮೆಟ್ಟಿಲು

ಬಿ.ಇ., ಬಿಸಿಎ ಓದಿ ಬೆಂಗಳೂರಿಗೆ ಹೋದವರಿಗೆ ಏಜೆನ್ಸಿ ಒಂದೇ ಇರುವುದಿಲ್ಲ. ದೊಡ್ಡ ಕಂಪನಿ ಒಬ್ಬ ವೆಂಡರ್‌ಗೆ ಹೇಳುತ್ತದೆ, ಅವನು ಇನ್ನೊಬ್ಬನಿಗೆ, ಅವನು ನಮ್ಮ ಹುಡುಗನಿಗೆ. ಕಂಪನಿಯ ದರ 1,20,000 ಇದ್ದು ಮೊದಲನೆಯವನು ಶೇ. 15 ಇಟ್ಟುಕೊಂಡರೆ 1,02,000 ಕೆಳಗಿಳಿಯುತ್ತದೆ. ಎರಡನೆಯವನೂ ಶೇ. 15 ಇಟ್ಟುಕೊಂಡರೆ 86,700. ಇಲ್ಲಿ ಹುಡುಗ ಎರಡನೆಯವನ ಹತ್ತಿರ 20,000 ಹೆಚ್ಚು ಕೇಳಿದರೆ ಅವನು ಕೊಡಲಾರ, ಅವನ ಕೈಯಲ್ಲಿ ಇರುವುದೇ 15,300. ಹಟ ಮಾಡಿದರೆ ಕೆಲಸ ತಪ್ಪುತ್ತದೆ. ಹೆಚ್ಚು ಬೇಕೆಂದರೆ ಒಂದು ಮೆಟ್ಟಿಲು ಕಡಿಮೆ ಇರುವ ಕಡೆ ಅರ್ಜಿ ಹಾಕಬೇಕು. ಆದ್ದರಿಂದ ಮೊದಲ ಫೋನಿನಲ್ಲೇ “ನೀವು ಕಂಪನಿಗೆ ನೇರ ವೆಂಡರ್ ಹೌದೇ, ನಡುವೆ ಬೇರೆ ಯಾರಾದರೂ ಇದ್ದಾರೆಯೇ?” ಎಂದು ಕೇಳಿ. ಇಬ್ಬರು ಏಜೆಂಟರು ಒಂದೇ ಹುದ್ದೆಗೆ ನಿಮ್ಮ ಹೆಸರು ಕಳಿಸಿದರೆ, ಜಗಳ ಬೇಡವೆಂದು ಕಂಪನಿ ಇಬ್ಬರನ್ನೂ ಬಿಡುವುದುಂಟು. ಯಾರಿಗೆ ಒಪ್ಪಿಗೆ ಕೊಟ್ಟಿದ್ದೀರಿ ಎಂಬುದು ನೆನಪಿರಲಿ.

ಕೆಲವರು “ಪಗಾರ ಅಲ್ಲ, ಕನ್ಸಲ್ಟೆಂಟ್ ಫೀ ಕೊಡುತ್ತೇವೆ” ಎನ್ನುತ್ತಾರೆ. ಮೊತ್ತ ದೊಡ್ಡದಾಗಿ ಕಾಣುತ್ತದೆ. ಆದರೆ ಪಿಎಫ್ ಇಲ್ಲ, ಸಂಬಳದ ರಜೆ ಇಲ್ಲ, ಗ್ರಾಚ್ಯುಟಿ ಇಲ್ಲ. ವೃತ್ತಿಪರ ಶುಲ್ಕವೆಂದು ಶೇ. 10 ಟಿಡಿಎಸ್ ಮುರಿದು ಕೊಡುತ್ತಾರೆ. ವರ್ಷದ ಮೊತ್ತ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ನಮ್ಮದೇ ಹೊಣೆ. ಇವೆಲ್ಲವನ್ನೂ ದರದಲ್ಲಿ ಸೇರಿಸಿ ಕೇಳುವುದಾದರೆ ಒಪ್ಪಬಹುದು, ಪಗಾರದಷ್ಟೇ ಮೊತ್ತಕ್ಕೆ ಒಪ್ಪಬಾರದು.

ಸೌದಿ, ದುಬೈ ಕಡೆ ಹೋಗುವವರಿಗೆ ಒಂದೇ ಮಾತು. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತ ಏಜೆಂಟ್ ಹೌದೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. 1983ರ ವಲಸೆ ಕಾಯ್ದೆಯ ನಿಯಮಗಳಂತೆ ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂ. ಮತ್ತು ಅದರ ಜಿಎಸ್‌ಟಿ, ಅದೂ ರಸೀದಿಯೊಂದಿಗೆ. ನೇಮಕಾತಿಯ ಖರ್ಚು ಮಾಲೀಕನದು ಎಂದು ಸೌದಿ ಮತ್ತು ಯುಎಇ ಕಾನೂನುಗಳೇ ಹೇಳುತ್ತವೆ. ವೀಸಾಕ್ಕೆಂದು ಲಕ್ಷಗಟ್ಟಲೆ ಕೇಳುವವರಿಗೆ ಹೊಲ, ಬಂಗಾರ ಒತ್ತೆ ಇಟ್ಟು ದುಡ್ಡು ಕೊಡಬೇಡಿ.

ದಾನಿಗಳಲ್ಲಿ ವಿನಂತಿ

ನಮ್ಮ ದಾನಿಗಳಲ್ಲಿ ಅಕ್ಕಿ ಗಿರಣಿ, ಗ್ರಾನೈಟ್, ಸಾರಿಗೆ, ಕಟ್ಟಡ ಗುತ್ತಿಗೆಯ ವ್ಯವಹಾರಸ್ಥರಿದ್ದಾರೆ. ತಾವೂ ಏಜೆನ್ಸಿಯಿಂದ, ಮುಕಾದಮರಿಂದ ಜನರನ್ನು ಪಡೆಯುತ್ತೀರಿ. ಕರಾರಿನಲ್ಲಿ ತಾವು ಕೊಡುವ ದರವನ್ನಷ್ಟೇ ಅಲ್ಲ, ಕೆಲಸಗಾರನ ಕೈಗೆ ಸೇರಬೇಕಾದ ಮೊತ್ತವನ್ನೂ ಬರೆಸಿ. ಹಿಂದಿನ ತಿಂಗಳ ಪಿಎಫ್-ಇಎಸ್‌ಐ ಚಲನ್ ನೋಡಿದ ಮೇಲೆ ಈ ತಿಂಗಳ ಬಿಲ್ಲು ಪಾಸು ಮಾಡಿ. ಬಿಲ್ಲನ್ನು ತಡಮಾಡದೆ ಕೊಡಿ. ತಾವು ತಡಮಾಡಿದ ದಿನಗಳ ಬಡ್ಡಿಯನ್ನು ಏಜೆನ್ಸಿ ತೆಗೆಯುವುದು ಕೂಲಿಯವನ ಪಗಾರದಿಂದಲೇ. ತಿಂಗಳಿಗೆ 1,000 ರೂ. ಸರಿಯಾಗಿ ತಲುಪಿದರೆ ವರ್ಷಕ್ಕೆ 12,000. ಆ ಮನೆಯ ಮಗಳು ವಿದ್ಯಾರ್ಥಿವೇತನದ ಅರ್ಜಿ ಹಿಡಿದು ನಮ್ಮಲ್ಲಿಗೆ ಬರುವ ಅಗತ್ಯ ಎಷ್ಟೋ ಸಲ ಬೀಳುವುದಿಲ್ಲ. ತಮ್ಮ ಝಕಾತಿನ ಹಣ ಆಗ ಇನ್ನೂ ಕಷ್ಟದಲ್ಲಿರುವವರಿಗೆ ಹೋಗುತ್ತದೆ.

ಈ ಸಾಲಿನ ಅರ್ಜಿದಾರರ ಗಮನಕ್ಕೆ

ಮನೆಯಲ್ಲಿ ದುಡಿಯುವವರು ಏಜೆನ್ಸಿ ಮೂಲಕ ಕೆಲಸದಲ್ಲಿದ್ದರೆ, ಆದಾಯ ಪ್ರಮಾಣಪತ್ರದ ಜೊತೆಗೆ ಕಳೆದ ಮೂರು ತಿಂಗಳ ವೇತನ ಚೀಟಿಯನ್ನು ಲಗತ್ತಿಸಬೇಕು. ಏಜೆನ್ಸಿ ವೇತನ ಚೀಟಿ ಕೊಡುವುದಿಲ್ಲವೆಂದರೆ ಬ್ಯಾಂಕ್ ಪಾಸ್‌ಬುಕ್ ಮತ್ತು ಪಿಎಫ್ ಪಾಸ್‌ಬುಕ್ಕಿನ ಪ್ರತಿ ಸಾಕು. ಎರಡೂ ಇಲ್ಲದವರು ಬಿಳಿ ಹಾಳೆಯಲ್ಲಿ ಕೆಲಸದ ಸ್ಥಳ, ಏಜೆನ್ಸಿಯ ಹೆಸರು, ಕೈಗೆ ಬರುವ ಮೊತ್ತ ಬರೆದು ಸಹಿ ಮಾಡಿ ಕೊಡಬಹುದು. ಕಾಗದ ಇಲ್ಲವೆಂಬ ಕಾರಣಕ್ಕೆ ಯಾರ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ತೋರಿಸಿಕೊಂಡು ಹೋಗಬೇಕೆನ್ನುವ ಹಳೆಯ ವಿದ್ಯಾರ್ಥಿಗಳು ಕಚೇರಿ ವೇಳೆಯಲ್ಲಿ ಬರಬಹುದು. ಪತ್ರದ ಜೆರಾಕ್ಸ್ ತನ್ನಿ. ಮೂಲ ಅಂಕಪಟ್ಟಿಗಳನ್ನು ಮಾತ್ರ ಏಜೆನ್ಸಿಗಾಗಲಿ ಬೇರೆ ಯಾರಿಗಾಗಲಿ ಒತ್ತೆಯಾಗಿ ಕೊಟ್ಟು ಬರಬೇಡಿ.